ಮಾದರಿ ಮನೆಯ ಆಮೆನ್

ಅಧ್ಯಕ್ಷರಾದ ಪಾಸ್ತರ ಸಾಹೇಬರೇ, ವೇದಿಕೆಯ ಮೇಲಿರುವ ಮಿಷನ್ ದೊರೆಸಾನಿಯವರೇ, ಸಭೆಯ ಹಿರಿಯರಾದ ರಾಯಪ್ಪನವರೇ, ಮುಂದಿನ ಬೆಂಚುಗಳಲ್ಲಿ ಕುಳಿತ ಅಣ್ಣಂದಿರೇ, ಹಿಂದೆ ಜಮಖಾನೆಯ ಮೇಲೆ ಕುಳಿತ ಅಕ್ಕತಂಗಿಯರೇ, ಮಧ್ಯಾಹ್ನದ ಗಾಡಿಗೆ ಖಾನಾಪುರದಿಂದ ಬಂದಿಳಿದ ನೆಂಟರೇ, ಸಭಿಕರೇ,

ಈ ವರ್ಷದ ‘ಮಾದರಿ ಕ್ರೈಸ್ತ ಮನೆತನ’ ಎಂಬ ಗೌರವಪತ್ರವನ್ನು ನಮ್ಮ ಮನೆಗೆ ಕೊಟ್ಟಿದ್ದೀರಿ. ಅದಕ್ಕೆ ಚೌಕಟ್ಟನ್ನೂ ಗಾಜನ್ನೂ ಹಾಕಿಸಿದ್ದೀರಿ. ಗಾಜು ಹಾಕಿಸಿದ ಮೇಲೆ ಯಾವ ಮನೆತನವಾದರೂ ಮಾದರಿಯಾಗಿಯೇ ಕಾಣುತ್ತದೆ. ಆದರೂ ನಾನು ಕೃತಜ್ಞಳು.

‘ಮನೆಮಂದಿಯನ್ನೆಲ್ಲ ಒಟ್ಟಾಗಿ ದೇವರ ಸೇವೆಗೆ ನಡೆಸುವುದು ಹೇಗೆ?’ ಎಂಬ ವಿಷಯದ ಮೇಲೆ ನಾನು ಹದಿನೈದು ನಿಮಿಷ ಮಾತನಾಡಬೇಕೆಂದು ಅಪ್ಪಣೆಯಾಗಿದೆ. ನನ್ನ ನಂತರ ಪಾಸ್ತರ ಸಾಹೇಬರು ನಮ್ಮ ಮನೆಯ ಒಂದು ಶುಭ ಸಮಾಚಾರವನ್ನು ಓದಲಿರುವುದರಿಂದ ಹದಿನಾರನೆಯ ನಿಮಿಷ ನನ್ನದಲ್ಲ. ನಿಜವಾಗಿ ಮಾತನಾಡಬೇಕಾದವರು ನಮ್ಮ ಯಜಮಾನರು. ಅವರ ಹೆಸರನ್ನು ನಾನು ಹೇಳುವ ಹಾಗಿಲ್ಲ. ಕಾರ್ಯಕ್ರಮ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿದೆ, ನೋಡಿಕೊಳ್ಳಿ. ಅವರು ಕೋರ್ಟಿನ ಶಿರಸ್ತೇದಾರರೆಂಬುದು ನಿಮಗೆ ಗೊತ್ತು. ಮೊನ್ನೆ ನನ್ನನ್ನು ಕರೆದು ಹೇಳಿದರು: “ನಾ ಮಾತಾಡಿದ್ರ ನಮ್ಮನ್ನ ನಾವ ಹೊಗಳಿಕೊಂಡಂಗ ಆಗತೈತಿ. ನೀ ಮಾತಾಡು. ಅದ ಮಾತು ಹೆಂಡ್ತಿ ಬಾಯಿಂದ ಬಂದ್ರ ಸಾಕ್ಷಿ ಅಂತಾರ.” ಆದ್ದರಿಂದ ನಾನು ಇಲ್ಲಿ ಸಾಕ್ಷಿಯಾಗಿ ನಿಂತಿದ್ದೇನೆ. ಸಾಕ್ಷಿ ನುಡಿಯುವವರು ನಿಜವನ್ನೇ ಹೇಳಬೇಕೆಂದು ಅವರ ಕಚೇರಿಯಲ್ಲಿಯೇ ಪ್ರಮಾಣ ಮಾಡಿಸುತ್ತಾರಂತೆ.

ನಮ್ಮ ಮನೆಯ ಆರಾಧನೆಯ ಕ್ರಮ ಬಹಳ ಸರಳ. ಸಂಜೆ ಗಡಿಯಾರ ಏಳು ಗಂಟೆ ಬಾರಿಸುತ್ತದೆ. ನಡುಮನೆಯಲ್ಲಿ ಚಾಪೆ ಹಾಸುತ್ತೇವೆ. ಐದು ಜನ ಕೂಡುತ್ತೇವೆ: ನಮ್ಮ ಅತ್ತೆಯವರಾದ ಎಸ್ತೇರವ್ವನವರು, ನನ್ನ ನಾದಿನಿ ಕಾಂತಾ, ನಮ್ಮ ಒಬ್ಬಳೇ ಮಗಳು ಸುಲಭಾ, ನಾನು, ಯಜಮಾನರು. ಒಂದು ಕೀರ್ತನೆ, ಒಂದು ಅಧ್ಯಾಯ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಾಯಿಬಿಟ್ಟು ಪ್ರಾರ್ಥಿಸಬೇಕು. ನಿಯಮಗಳು ಎರಡೇ. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ಕಣ್ಣು ತೆರೆಯಬಾರದು, ಬಾಯಿ ಹಾಕಬಾರದು. ಪ್ರಾರ್ಥನೆಯಲ್ಲಿ ಬಂದ ಮಾತನ್ನು ಆಮೇಲೆ ಚರ್ಚಿಸಬಾರದು. ದೇವರಿಗೆ ಹೇಳಿದ್ದು ದೇವರಿಗೆ.

ಸಭಿಕರೇ, ಇಂಥ ನಿಯಮವಿರುವ ಮನೆಯಲ್ಲಿ ಜನ ಏನು ಮಾಡುತ್ತಾರೆ? ಭಕ್ತಿ ಮಾಡುತ್ತಾರೆ ಎಂದು ದೊರೆಸಾನಿಯವರು ತಲೆಯಾಡಿಸುತ್ತಿದ್ದಾರೆ. ಮಾಡುತ್ತೇವೆ. ಆದರೆ ಹಗಲೆಲ್ಲ ಒಬ್ಬರಿಗೊಬ್ಬರು ಹೇಳಲಾರದ್ದನ್ನು ಮೊದಲು ಹೇಳಿ ಮುಗಿಸುತ್ತೇವೆ.

ನಾನು ಸೊಸೆಯಾಗಿ ಬಂದ ಎಂಟನೆಯ ದಿನ ಅತ್ತೆಯವರು ಕೈ ಜೋಡಿಸಿ ಹೀಗೆ ಪ್ರಾರ್ಥಿಸಿದರು: “ಸ್ವಾಮಿ, ಈ ಮನ್ಯಾಗ ಒಬ್ಬಾಕಿಗೆ ಸಾರಿಗಿ ಉಪ್ಪ ಹಾಕೂದು ಮರತ ಹೋಗತೈತಿ. ಹೆಸರು ಹೇಳಾಕ ನಾ ಒಲ್ಲೆ. ನಿನಗ ಗೊತ್ತೈತಿ, ಆಕಿಗೂ ಗೊತ್ತೈತಿ.” ನಾನು ಕಣ್ಣು ತೆರೆಯುವಂತಿರಲಿಲ್ಲ. ನನ್ನ ಸರದಿ ಬಂದಾಗ, ವಯಸ್ಸಾದವರ ನಾಲಿಗೆಗೆ ರುಚಿ ತಿಳಿಯದೆ ಹೋದರೆ ಅವರಿಗೆ ತಾಳ್ಮೆ ಕೊಡು ತಂದೆಯೇ ಎಂದು ಬೇಡಿಕೊಂಡೆ. ಎರಡು ಮೊಳ ದೂರ ಕುಳಿತ ಇಬ್ಬರು ಹೆಂಗಸರ ಜಗಳ ಪರಲೋಕಕ್ಕೆ ಹೋಗಿ ತಿರುಗಿ ಬರುತ್ತಿತ್ತು. ದೇವದೂತರಿಗೆ ಟಪಾಲಿನವರ ಕೆಲಸ.

ಅತ್ತೆಯವರು ಖಾನಾಪುರದವರು. ಬಾಗಿಲಿಗೆ ಬಂದ ಮೀನಿನವಳೊಂದಿಗೆ ಮರಾಠಿಯಲ್ಲಿ, ದೇವರೊಂದಿಗೆ ಕನ್ನಡದಲ್ಲಿ ಮಾತನಾಡುತ್ತಾರೆ. ಇಬ್ಬರ ಹತ್ತಿರವೂ ಚೌಕಾಶಿ ಒಂದೇ. ನಾನು ದಂಡುಪ್ರದೇಶದ ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು. ಆ ಕಾಲದಲ್ಲಿ ನನಗೆ ನನ್ನ ಕಲಿಕೆಯ ಮೇಲೆ ಬಹಳ ಭರವಸೆ. ಒಂದು ಸಂಜೆ ಬೇಸರ ತಡೆಯಲಾರದೆ ಇಡೀ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಮಾಡಿ ಹಗುರಾದೆ. ಮರುದಿನ ಅತ್ತೆಯವರು ಬೆಳ್ಳುಳ್ಳಿ ಸುಲಿಯುತ್ತ ಹೇಳಿದರು: “ಇಂಗ್ಲಿಷಿನ್ಯಾಗ ಬೈದ್ರೂ ದೇವರಿಗೆ ತಿಳೀತೈತಿ, ನನಗೂ ತಿಳೀತೈತಿ, ತಂಗೆವ್ವಾ. ನನ್ನ ಹೆಸರು ನಡುವ ಎರಡ ಸಲ ಬಂತು.” ನಿಯಮ ಮುರಿದು ಅವರು ಚರ್ಚಿಸಿದ್ದು ಅದೊಂದೇ ಸಲ. ಅಂದಿನಿಂದ ನಾನು ಕನ್ನಡದಲ್ಲಿಯೇ ಪ್ರಾರ್ಥಿಸುತ್ತಿದ್ದೇನೆ.

ಕಾಂತಾಳದು ಚಿಕ್ಕ ಪ್ರಾರ್ಥನೆ: “ತಂದೆ, ಎಲ್ಲಾರೂ ಹೇಳಿದ್ದ ನಾನೂ ಹೇಳಿದ್ನಿ ಅಂತ ತಿಳಕೋ.” ಇಷ್ಟು ಹೇಳಿ ಒಲೆಯ ಮೇಲಿನ ಅನ್ನ ನೋಡಲು ಓಡುತ್ತಾಳೆ. ಆಗಸ್ಟಿನಲ್ಲಿ ನಿಮ್ಮ ಗೌರವಪತ್ರದ ಕಮಿಟಿಯವರು ಮುನ್ಸೂಚನೆಯಿಲ್ಲದೆ ಬಂದು ಹಿಂದಿನ ಗೋಡೆಗೆ ಒರಗಿ ಕುಳಿತಾಗ ಅತ್ತೆಯವರು, “ಬಂದವರಿಗೆ ಮೊದಲ ಚಾ ಕೊಡಬೇಕನ್ನೂದು ಈ ಮನಿಯವರಿಗೆ ಬೇಗ ತಿಳೀಲಿ ಸ್ವಾಮಿ” ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವರು ನಮ್ಮ ರಾಯಪ್ಪನವರು. ವರದಿಯಲ್ಲಿ ಅವರೇ ಬರೆದರಂತೆ: ‘ಈ ಮನೆಯ ಪ್ರಾರ್ಥನೆಗಳು ಜೀವನಕ್ಕೆ ಬಹಳ ಹತ್ತಿರವಾಗಿವೆ.’

ಇನ್ನು ಯಜಮಾನರ ಪ್ರಾರ್ಥನೆ. ಅದು ಯಾವಾಗಲೂ ಕೊನೆಯದು. ಕೋರ್ಟಿನಲ್ಲಿ ಕೊನೆಯ ಮಾತು ಯಾರದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅವರು ಬೈಯುವವರಲ್ಲ. ಬೇಡುವವರೂ ಅಲ್ಲ. ಅವರು ಆಗಿಹೋದದ್ದಕ್ಕೆ ವಂದನೆ ಹೇಳುತ್ತಾರೆ. ಆಗಿಹೋಗಿದೆ ಎಂಬುದು ನಮಗೆ ಆಗಲೇ ಗೊತ್ತಾಗುವುದು. “ನಮ್ಮ ಎಮ್ಮೀನ ಒಳ್ಳೆ ಮನಿಗೆ ಮುಟ್ಟಿಸಿದ್ದಕ್ಕ ನಿನಗ ವಂದನಿ, ತಂದೆ” ಎಂದು ಒಂದು ಸಂಜೆ ಹೇಳಿದರು. ಬೆಳಿಗ್ಗೆ ಹಾಲು ಕೊಟ್ಟ ಎಮ್ಮೆ, ಸಂಜೆಗೆ ಮಾರಿಹೋಗಿತ್ತು. ಅತ್ತೆಯವರು ಒಂದು ಕಣ್ಣು ತೆರೆದು ಕೊಟ್ಟಿಗೆಯ ಕಡೆ ನೋಡಿದರೆಂದು ನನಗೆ ಗೊತ್ತು, ಏಕೆಂದರೆ ನಾನೂ ತೆರೆದಿದ್ದೆ. ಆದರೂ ಎಲ್ಲರೂ ಆಮೆನ್ ಅಂದೆವು. ಕಳೆದ ವರ್ಷ ನಮ್ಮೂರಲ್ಲಿ ಕಾಂಗ್ರೆಸ್ಸಿನ ಅಧಿವೇಶನವಾಯಿತು. ಸರಕಾರಿ ನೌಕರರೆಂದು ಯಜಮಾನರು ಆ ರಸ್ತೆಯಲ್ಲಿ ಕೂಡ ನಡೆಯಲಿಲ್ಲ. ಅಲ್ಲಿ ಒಂದು ಠರಾವು ಮಂಡಿಸಿದರೆ ಯಾರಾದರೂ ಎದ್ದು ಒಪ್ಪಿಗೆಯಿಲ್ಲ ಎನ್ನಬಹುದಿತ್ತಂತೆ. ದೇವರ ಹೆಸರಿನಲ್ಲಿ ಮಂಡಿಸಿದ ಠರಾವಿಗೆ ಯಾರು ಎದ್ದು ನಿಲ್ಲಬೇಕು?

ಅವರು ಕಪಟಿಗಳೆಂದು ನಾನು ಹೇಳುತ್ತಿಲ್ಲ. ಇಪ್ಪತ್ತನಾಲ್ಕು ವರ್ಷ ಜೊತೆಗಿದ್ದೇನೆ. ತಮಗೆ ಅನ್ನಿಸಿದ್ದನ್ನೇ ದೇವರು ಹೇಳಿದನೆಂದು ಅವರು ಮನಃಪೂರ್ವಕ ನಂಬುತ್ತಾರೆ. ಕಪಟಿಯಾಗಿದ್ದರೆ ಎಂದಾದರೊಂದು ದಿನ ಸಿಕ್ಕಿಬೀಳುತ್ತಿದ್ದರು.

ನನಗೂ ಹೀಗೆಯೇ ಒಮ್ಮೆ ದೇವರ ಚಿತ್ತ ತಿಳಿಯಿತು. ಇದು ಇಂದಿನ ವಿಷಯಕ್ಕೆ ಸೇರಿದ್ದೋ ಇಲ್ಲವೋ. ಆದರೂ ಹೇಳುತ್ತೇನೆ. ನನಗೆ ಪುಣೆಗೆ ಹೋಗಿ ಶಿಕ್ಷಕಿಯ ತರಬೇತಿ ಪಡೆಯುವ ಆಸೆಯಿತ್ತು. ಆಗಿದ್ದ ಶಾಲೆಯ ದೊರೆಸಾನಿಯವರು, ಇವರಲ್ಲ, ಇವರಿಗೂ ಮೊದಲಿನವರು, ನನ್ನನ್ನು ತಮ್ಮ ಕೋಣೆಗೆ ಕರೆದು ಮೊಣಕಾಲೂರಿಸಿ ಬಹಳ ಹೊತ್ತು ಪ್ರಾರ್ಥಿಸಿದರು. ಎದ್ದಾಗ ದೇವರ ಚಿತ್ತ ಏನೆಂದು ಅವರಿಗೆ ತಿಳಿದಿತ್ತು. ನನಗೆ ಮೊಣಕಾಲಿನ ನೋವು ಮಾತ್ರ ತಿಳಿದಿತ್ತು. ಕೋರ್ಟಿನಲ್ಲಿ ಹೊಸದಾಗಿ ಕಾರಕೂನನಾಗಿ ಸೇರಿದ, ಮದ್ಯ ಮುಟ್ಟದ ಒಬ್ಬ ತರುಣ ದೇವರ ಮನಸ್ಸಿನಲ್ಲಿದ್ದನಂತೆ. ನಾನು ಆಮೆನ್ ಅಂದೆ. ಅಂದು ನಾನು ಬೇರೆ ಏನಾದರೂ ಅಂದಿದ್ದರೆ ಎಂದು ಕೆಲವೊಮ್ಮೆ ಯೋಚಿಸುತ್ತೇನೆ. ಅಕ್ಕಿ ಆರಿಸುವಾಗ, ಹೆಚ್ಚೇನೂ ಅಲ್ಲ.

ಈಗ ಶುಭ ಸಮಾಚಾರಕ್ಕೆ ಬರುತ್ತೇನೆ. ಪಾಸ್ತರ ಸಾಹೇಬರ ಕೈಯಲ್ಲಿರುವ ಕಾಗದದಲ್ಲಿ ಏನಿದೆಯೆಂದು ಖಾನಾಪುರದ ನೆಂಟರಿಗೆಲ್ಲ ಗೊತ್ತು. ಅದಕ್ಕೇ ಬಂದಿದ್ದಾರೆ. ನಮ್ಮ ಸುಲಭಾಳನ್ನು ಖಾನಾಪುರದ ಹೆಂಚಿನ ಕಾರಖಾನೆಯ ಮೇಲ್ವಿಚಾರಕರಾದ ಸತ್ಯದಾಸರಿಗೆ ಕೊಡುವುದು ನಿಶ್ಚಯವಾಗಿದೆ ಎಂದು ಅದರಲ್ಲಿದೆ. ಸತ್ಯದಾಸರು ಸಭ್ಯರು. ಮೂವತ್ತೆಂಟು ವರ್ಷ, ತೀರಿಕೊಂಡ ಹೆಂಡತಿಯಿಂದ ಇಬ್ಬರು ಹೆಣ್ಣುಮಕ್ಕಳು. ಅವರಲ್ಲಿ ನಾನು ದೋಷ ಕಾಣಲಾರೆ. ಈ ಸಂಬಂಧಕ್ಕಾಗಿ ಅವರ ಮನೆಯಲ್ಲಿ ಕೊನೆಯ ಪ್ರಾರ್ಥನೆ ಮಾಡಿದವರು ಯಾರೋ, ಪಾಪ.

ಸುಲಭಾಳಿಗೆ ಹತ್ತೊಂಬತ್ತು. ಮಿರಜಿನ ದವಾಖಾನೆಯಲ್ಲಿ ದಾದಿಯ ಕೆಲಸ ಕಲಿಯಲು ಅರ್ಜಿ ಹಾಕಿದ್ದಳು. ಅದಕ್ಕೆ ಅವಳ ತಂದೆಯವರೇ ಸಹಿ ಮಾಡಿದ್ದರು. ಬರುವ ಸೋಮವಾರ ಹಾಜರಾಗಬೇಕೆಂದು ಕಾಗದ ಬಂತು. ಕಾಗದ ಬಂದ ಸಂಜೆ ಏಳಕ್ಕೆ ಗಂಟೆ ಬಾರಿಸಿತು. ಸುಲಭಾ ತನ್ನ ಸರದಿಯಲ್ಲಿ ಮಿರಜಿಗಾಗಿ ವಂದನೆ ಹೇಳಿದಳು. ಕೊನೆಗೆ ಯಜಮಾನರು ಹೇಳಿದರು: “ತಂದೆ, ಪರರ ಗಾಯ ತೊಳಿಯೂದಕ್ಕಿಂತ ಮೊದಲ ತಾಯಿಯಿಲ್ಲದ ಎರಡು ಕೂಸಿನ ಕಣ್ಣೀರ ಒರಸು ಅಂತ ನಮ್ಮ ಸುಲಭಾಗ ದಾರಿ ತೋರಿಸಿದಿ. ಖಾನಾಪುರದಾಗ ಆಕಿಗೆ ಮನಿ ಕೊಟ್ಟಿದ್ದಕ್ಕ ವಂದನಿ.”

ಎಮ್ಮೆಯ ಹಾಗೆಯೇ, ನೋಡಿ.

ಅತ್ತೆಯವರು ಆಮೆನ್ ಅಂದರು. ನಾನೂ ಅಂದೆ. ಅಭ್ಯಾಸದಿಂದ ಅಂದೆನೆಂದು ಹೇಳಿದರೆ ನೀವು ನನ್ನನ್ನು ಕ್ಷಮಿಸುತ್ತೀರಿ, ಆದ್ದರಿಂದ ಹಾಗೆ ಹೇಳುವುದಿಲ್ಲ. ಯೋಚಿಸಲು ಸಮಯವಿತ್ತು. ಅಂದೆ.

ಸುಲಭಾ ಅಡಿಗೆಮನೆಗೆ ಬಂದು ಅಳಲಿಲ್ಲ. “ಅವ್ವಾ, ದೇವರು ಅಪ್ಪನ ಜೋಡಿ ಅಷ್ಟೇ ಮಾತಾಡ್ತಾನೇನು? ನನ್ನ ಮದುವಿ ನನಗ ಹೇಳಾಕ ಆತಗ ಆಗಲಿಲ್ಲೇನು?” ಎಂದು ಕೇಳಿದಳು. ಚಾಪೆಯ ಮೇಲಿನ ಮಾತನ್ನು ಚರ್ಚಿಸಬಾರದು ಎಂದೆ. ನಿಯಮ ಎಷ್ಟು ಅನುಕೂಲವಾಗಿತ್ತು ನನಗೆ. ಹಿಟ್ಟು ನಾದುತ್ತಿದ್ದ ಕಾಂತಾ ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು: “ವೈನಿ, ನನ್ನ ಮದುವಿಗೂ ನೀವ ಆಮೆನ್ ಅಂದಿದ್ರಿ.”

ಹೌದು. ಎಂಟು ವರ್ಷದ ಹಿಂದೆ ಅದೇ ಚಾಪೆಯ ಮೇಲೆ ಹುಬ್ಬಳ್ಳಿಯ ಒಬ್ಬ ವರನಿಗಾಗಿ ಯಜಮಾನರು ದೇವರಿಗೆ ವಂದನೆ ಹೇಳಿದ್ದರು. ಕಾಂತಾ ಮೂರು ವರ್ಷ ಅಲ್ಲಿದ್ದು, ಮುರಿದು ನೆಟ್ಟಗೆ ಕೂಡದ ಒಂದು ಮುಂಗೈಯೊಂದಿಗೆ ತಿರುಗಿ ಬಂದಳು. ಅವಳು ಬಂದ ಸಂಜೆಯೂ ಗಂಟೆ ಬಾರಿಸಿತು. ಅವಳನ್ನು ಸುರಕ್ಷಿತವಾಗಿ ತಂದದ್ದಕ್ಕೆ ವಂದನೆ ಹೇಳಿ ಆಮೆನ್ ಅಂದೆವು. ಯಾರೂ ಏನನ್ನೂ ಚರ್ಚಿಸಲಿಲ್ಲ. ಮೊನ್ನೆ ಸುಲಭಾಳ ವಿಷಯಕ್ಕೆ ಆಮೆನ್ ಅನ್ನದೆ ಕುಳಿತವರು ಇಬ್ಬರು. ಒಬ್ಬಳು ಸುಲಭಾ, ಇನ್ನೊಬ್ಬಳು ಅಂದು ಒಲೆಯ ಕಡೆಗೆ ಓಡದ ಕಾಂತಾ. ಮಾದರಿ ಮನೆತನದಲ್ಲಿ ದೇವರ ಸೇವೆ ಮಾಡಿದವರು ಯಾರೆಂದು ಕಮಿಟಿಯವರು ಕೇಳಿದರೆ ನಾನು ಆ ಇಬ್ಬರ ಹೆಸರು ಹೇಳುತ್ತೇನೆ.

ನಾನು ಈ ಮಾತನ್ನು ಪ್ರಾರ್ಥನೆಯಾಗಿ ಹೇಳಬಹುದಿತ್ತು. ‘ಎಲ್ಲರೂ ಕಣ್ಣು ಮುಚ್ಚಿ’ ಅಂದಿದ್ದರೆ ನೀವು ಮುಚ್ಚುತ್ತಿದ್ದಿರಿ. ಪಾಸ್ತರ ಸಾಹೇಬರೂ ನಡುವೆ ತಡೆಯುತ್ತಿರಲಿಲ್ಲ. ನಿನ್ನೆ ಸಂಜೆಯವರೆಗೆ ನನ್ನ ಯೋಚನೆ ಅದೇ ಆಗಿತ್ತು, ಮನಸ್ಸಿನಲ್ಲಿ ಒಂದೊಂದು ಸಾಲನ್ನೂ ಜೋಡಿಸಿದ್ದೆ. ಚೆನ್ನಾಗಿತ್ತು. ಆಮೇಲೆ ನನಗೆ ನನ್ನದೇ ಭಯವಾಯಿತು. ನಾನು ಗೆದ್ದರೆ ನಮ್ಮ ಮನೆಯಲ್ಲಿ ಕೊನೆಯ ಪ್ರಾರ್ಥನೆ ನನ್ನದಾಗುತ್ತದೆ, ಅಷ್ಟೇ. ಆದ್ದರಿಂದ ದೇವರನ್ನು ನಡುವೆ ತರದೆ ನೇರವಾಗಿ ಹೇಳುತ್ತೇನೆ. ಮನೆಯಲ್ಲಿ ಆಡುವ ಮಾತಿನಲ್ಲಿಯೇ ಹೇಳುತ್ತೇನೆ, ಸಭಿಕರು ಕ್ಷಮಿಸಬೇಕು.

ರೀ, ಈ ಮದುವಿಗೆ ನನ್ನ ಒಪ್ಪಿಗಿ ಇಲ್ಲ. ಅವತ್ತ ಆಮೆನ್ ಅಂದದ್ದು ನನ್ನ ತಪ್ಪು. ಕಾಂತಾನ ಮದುವಿಗೆ ಅಂದದ್ದು ಅದಕ್ಕಿಂತ ದೊಡ್ಡ ತಪ್ಪು. ಸೋಮವಾರದ ಗಾಡಿಗೆ ನಾನೂ ಸುಲಭಾನೂ ಮಿರಜಿಗೆ ಹೋಗತೀವಿ. ಬ್ಯಾಡ ಅನ್ನೂದಿದ್ರ ನನ್ನ ಮಾರಿ ನೋಡಿ ಅನ್ರಿ, ಕೇಳತೀನಿ. ಕೇಳಿ, ಉತ್ತರಾನೂ ಕೊಡತೀನಿ. ಸತ್ಯದಾಸರ ಮನಿಗೆ ಬೇಕಾದ್ರ ನಾನ ಹೋಗಿ ಕೈ ಮುಗಿದು ಹೇಳಿ ಬರತೀನಿ.

ಪಾಸ್ತರ ಸಾಹೇಬರೇ, ಆ ಕಾಗದವನ್ನು ದಯವಿಟ್ಟು ಓದಬೇಡಿ. ಯಾರನ್ನು ಕುರಿತು ಬರೆದಿದೆಯೋ ಅವಳನ್ನು ಮೊದಲು ಕೇಳಿ. ಅಗೋ, ಹಿಂದೆ ಕಂಬದ ಪಕ್ಕದಲ್ಲಿ ತನ್ನ ಸೋದರತ್ತೆ ಕಾಂತಾಳ ಜೊತೆ ಕುಳಿತಿದ್ದಾಳೆ.

ಯಜಮಾನರು ಎದ್ದು ನಿಂತಿದ್ದಾರೆ. ಒಂದ ಗಳಿಗಿ ಕುಂದರ್ರಿ, ನನ್ನದು ಮುಗೀಲಿ, ಆಮ್ಯಾಲ ನಿಮ್ಮ ಸರದಿ. ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ಮನಸ್ಸು ಬಿಚ್ಚಿ ಮಾತನಾಡುವಾಗ ಇವರ ಕಣ್ಣು ತೆರೆದಿರುವುದನ್ನು ಇಂದೇ ನೋಡಿದೆ. ಒಳ್ಳೆಯ ಕಣ್ಣುಗಳು. ಭಯಪಟ್ಟಿವೆ, ನನ್ನವೂ ಹಾಗೆಯೇ ಇರಬೇಕು.

ನನ್ನ ಹದಿನೈದು ನಿಮಿಷವನ್ನು ಮೀರಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಕರೆದವರಿಗೆ, ಕೇಳಿದವರಿಗೆ, ಕೇಳುತ್ತ ಕೆಮ್ಮಿದವರಿಗೆ, ಚಹಾ ಆರುತ್ತಿದ್ದರೂ ಎದ್ದು ಹೋಗದವರಿಗೆ ಎಲ್ಲರಿಗೂ ವಂದನೆಗಳು. ದಯವಿಟ್ಟು ಯಾರೂ ಆಮೆನ್ ಅನ್ನಬೇಡಿ.

ನಮಸ್ಕಾರ.