ನೋಡದೆ ಬರೆದ ಬಿಪಿ

ಆರೋಗ್ಯ ಇಲಾಖೆ ನರ್ಸ್‌ಗಳಿಗೆ ಕೊಡುವ ವರ್ಷದ ಅಂಕಪಟ್ಟಿಯಲ್ಲಿ ಈ ಸಲ ಹೆಬಳೆಯ ನರ್ಸ್ ದಿವ್ಯಶ್ರೀಗೆ ಮೊದಲ ಸ್ಥಾನ ಸಿಗಲಿಲ್ಲ. ಹೊನ್ನಾವರ ಬಸ್ ನಿಲ್ದಾಣದಲ್ಲಿ ಅವಳು, ಆ ಸ್ಥಾನ ಗೆದ್ದ ರೇಖಾ ಎಂಬ ಮೀನುಗಾರರ ಊರಿನ ನರ್ಸನ್ನು ಹಿಡಿದು ನಿಲ್ಲಿಸಿಕೊಂಡಿದ್ದಳು.

“ರೋಗಿಗಳ ಬಿಪಿ ಇಳಿಸಿದ್ದಕ್ಕೆ ಕಂಪ್ಯೂಟರ್ ನಿಂಗೆ ತೊಂಬತ್ತೆರಡು ಅಂಕ ಕೊಟ್ಟದ್ಯಲ್ಲೇ! ಎಂತ ಮಂತ್ರ ಹಾಕಿದೆ?”

“ಹೊಟ್ಟೆಕಿಚ್ಚಾ ಅಕ್ಕಾ?”

“ಹೌದು ಮಾರಾಯ್ತಿ. ನಿಮ್ಮೂರ ಗಂಡಸ್ರೆಲ್ಲ ಬೋಟಲ್ಲಿರ್ತಾರೆ. ಬಿಪಿ ನೋಡಿದ್ದು ಯಾವಾಗ?”

“ತಪಾಸಣೆಗೆ ಬರದವ್ರನ್ನ ಅದು ಗುಣ ಆಗ್ಲಿಲ್ಲ ಅಂತ್ಲೇ ಲೆಕ್ಕ ಹಾಕ್ತದೆ. ಪ್ರತಿ ವರ್ಷ ನೀವೇ ಗೆಲ್ಲೂದು ನೋಡಿ ನಂಗೂ ಹೊಟ್ಟೆ ಉರೀತು. ಬೋಟಲ್ಲಿದ್ದವ್ರದ್ದು ನೋಡ್ದೇ ನಾರ್ಮಲ್ ಅಂತ ಬರ್ದೆ.”

“ಹಂಗಾರೆ ಮೊದಲ ನಂಬರ್ ನಂದೇ!”

“ತಕೊಳ್ಳಿ. ನಾರ್ಮಲ್ ಅಂತ ಬರ್ದಿದ್ದಕ್ಕೆ ಅವ್ರನ್ನ ಕರೆಸಿ ಅಂತ ಕಂಪ್ಯೂಟರ್ ಹೇಳ್ಲೇ ಇಲ್ಲ. ಅವ್ರಲ್ಲೊಬ್ಬ, ಸೋಮ, ಬಿಪಿ ಏರಿ ಬೋಟಲ್ಲೇ ಬಿದ್ದು ತೀರಿಕೊಂಡ.”

ಭಟ್ಕಳ ಬಸ್ ಬಂತು. ದಿವ್ಯಶ್ರೀ ಮೆಟ್ಟಿಲ ಮೇಲೆ ನಿಂತು ಕೇಳಿದಳು:

“ಎಷ್ಟು ಜನದ್ದು ಹಂಗೆ ಬರ್ದಿದ್ದೆ?”

“ಹನ್ನೊಂದು. ಹತ್ತು ಜನ ದಡಕ್ಕೆ ವಾಪಸ್ ಬಂದ್ರು.”