ಹಲಗೆ ಹೇಳುವ ಆಮೆನ್

ಮಾನ್ಯ ಅಧ್ಯಕ್ಷರೇ, ನೆಲಕ್ಕೆ ಕಲ್ಲು ಕೊಟ್ಟ ಮಹಾದಾನಿಗಳೇ, ಸಭೆಯ ಹಿರಿಯರೇ, ಈ ಶಾಲೆಯ ಮುಖ್ಯೋಪಾಧ್ಯಾಯರೇ, ಆಗಲೇ ಗಡಿಯಾರ ನೋಡುತ್ತಿರುವ ಸಭಿಕರೇ,

ದೇವಾಲಯಕ್ಕೆ ಹೊಳೆಯುವ ಕಲ್ಲಿನ ಹೊಸ ನೆಲ ಹಾಕಿಸಿದ ಸಭಾಪಾಲಕನೆಂದು ನನ್ನನ್ನು ಹಾಡಿ ಹೊಗಳಿದಿರಿ. ಸನ್ಮಾನದ ಫಲಕವನ್ನು ನಾನು ಮೇಜಿನ ಮೇಲೆಯೇ ಬಿಟ್ಟಿದ್ದೇನೆ. ಏಕೆಂದು ಹೇಳುತ್ತೇನೆ.

ಮೂರು ವರ್ಷದ ಹಿಂದೆ, ನಾನಿಲ್ಲಿಗೆ ಬಂದ ಮೊದಲ ಭಾನುವಾರ, ಪ್ರಾರ್ಥನೆ ಮುಗಿಸಿ ನಿಮ್ಮ ಆಮೆನ್‌ಗೆ ಕಾದೆ. ಒಬ್ಬರೂ ಬಾಯಿ ತೆರೆಯಲಿಲ್ಲ. ಬದಲಿಗೆ ಧಡ್, ಧಡ್, ಧಡ್ ಎಂದು ಇನ್ನೂರು ಪಾದಗಳು ಮರದ ಹಲಗೆಯನ್ನು ತುಳಿದವು. ಮೊದಲ ದಿನವೇ ನನ್ನನ್ನು ಓಡಿಸುತ್ತಿದ್ದಾರೆಂದು ತಿಳಿದೆ. ನಗಬೇಡಿ, ಬಾಗಿಲು ಎಷ್ಟು ದೂರವಿದೆಯೆಂದೂ ನೋಡಿಕೊಂಡಿದ್ದೆ.

ಆಮೇಲೆ ಗಂಟೆ ಬಾರಿಸುವ ಹಿರಿಯರು ಹೇಳಿದರು: "ಮಗ್ಗದ ಕಾರ್ಖಾನೆಲಿ ದುಡಿದು ನಮ್ಮಲ್ಲಿ ಅರ್ಧ ಜನಕ್ಕೆ ಕಿವಿ ಹೋಗಿದೆ ಅಯ್ನೋರೆ. ಕಣ್ಣು ಮುಚ್ಕೊಂಡು ನಿಂತಿರ್ತಾರೆ. ಪ್ರಾರ್ಥನೆ ಮುಗೀತು ಅಂತ ಹಲಗೇನೇ ಅವರ ಕಾಲಿಗೆ ಹೇಳ್ಬೇಕು."

ಕೇಳಿ ಸುಮ್ಮನಿದ್ದೆನೇ? ಇಲ್ಲ. ದೇವರ ಮನೆ ಕಾರ್ಖಾನೆಯಲ್ಲ ಎಂದು ಪ್ರಸಂಗ ಮಾಡಿದೆ. ಒಂದಲ್ಲ, ನಾಲ್ಕು ಪ್ರಸಂಗ. ಆರಾಧನೆಯ ಪುಸ್ತಕದಲ್ಲಿ ಈ ಪದ್ಧತಿ ಯಾವ ಪುಟದಲ್ಲಿದೆ ತೋರಿಸಿ ಎಂದೆ. ಅಷ್ಟರಲ್ಲಿ ಹಲಗೆಗೆ ಗೆದ್ದಲು ಹಿಡಿಯಿತು. ಹುಡುಕುವ ಬಳ್ಳಿ ಕಾಲಿಗೆ ತೊಡರಿದಂತಾಯಿತು ನನಗೆ. ಇವತ್ತು ಒಪ್ಪಿಕೊಳ್ಳುತ್ತೇನೆ: ಗೆದ್ದಲು ಹಿಡಿದದ್ದು ಎರಡೇ ಹಲಗೆಗೆ, ನಾನು ಕೀಳಿಸಿದ್ದು ಎಲ್ಲವನ್ನೂ.

ಹೋದ ತಿಂಗಳು ನಮ್ಮ ನೂಲು ಸುತ್ತುವ ಅಜ್ಜಿಯ ಯಜಮಾನರು ತೀರಿಕೊಂಡರು. ಶವಪೆಟ್ಟಿಗೆಯ ಪಕ್ಕ ಅಜ್ಜಿ ಕಣ್ಣು ಮುಚ್ಚಿ ನಿಂತರು. ನಾನು ಪ್ರಾರ್ಥಿಸಿದೆ. ನೀವು ನನ್ನ ಮಾತು ಮೀರಿ ತುಳಿದಿರಿ, ಬಲವಾಗಿಯೇ ತುಳಿದಿರಿ. ಕಲ್ಲು ಯಾರಿಗೂ ಏನೂ ಹೇಳಲಿಲ್ಲ. ಪೆಟ್ಟಿಗೆಯನ್ನು ಎತ್ತಿ ಬಾಗಿಲ ತನಕ ಒಯ್ದರೂ ಅಜ್ಜಿ ಹಾಗೆಯೇ ನಿಂತಿದ್ದರು. ಭುಜ ಮುಟ್ಟಿದೆ. ಅವರು ಕಣ್ಣು ಬಿಟ್ಟು, ಖಾಲಿ ಜಾಗ ನೋಡಿ ಕೇಳಿದರು: "ಯಾರೂ ಆಮೆನ್ ಅನ್ಲೇ ಇಲ್ವಲ್ಲ ಅಯ್ನೋರೆ?"

ನನ್ನ ತಾಯಿಗೂ ಕಿವಿ ಕೇಳುತ್ತಿರಲಿಲ್ಲ. ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿಲ್ಲ. ಎಲ್ಲರ ಆಮೆನ್ ಮುಗಿದ ಮೇಲೆ ಅವಳದೊಂದು ಆಮೆನ್, ಗಟ್ಟಿಯಾಗಿ, ಒಂಟಿಯಾಗಿ ಕೇಳುತ್ತಿತ್ತು. ಜನ ನಗುತ್ತಿದ್ದರು. ಹತ್ತು ವರ್ಷದ ನಾನು ಒಂದು ದಿನ ಎದ್ದು ಬೇರೆ ಬೆಂಚಿಗೆ ಹೋಗಿ ಕೂತೆ. ಆಮೇಲೆ ದೇವಾಲಯದಲ್ಲಿ ಅವಳ ಪಕ್ಕ ಕೂರಲೇ ಇಲ್ಲ. ನಿಮ್ಮ ಈ ಸಭೆಯಲ್ಲಿ ಅವಳಿದ್ದಿದ್ದರೆ ಎಲ್ಲರ ಜೊತೆಗೇ ಆಮೆನ್ ಅನ್ನುತ್ತಿದ್ದಳು. ಅಂಥ ನೆಲವನ್ನು ಕಿತ್ತವನು ನಾನು.

ಮಹಾದಾನಿಗಳೇ, ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಕಲ್ಲು ಅಂಗಳಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಳೆಯ ಹಲಗೆಗಳು ಇದೇ ಶಾಲೆಯ ಹಿಂದಿನ ಕೊಠಡಿಯಲ್ಲಿವೆ. ಎರಡು ಹೊಸದು ಸಾಕು ಎಂದು ಬಡಗಿಯವರು ಹೇಳಿದ್ದಾರೆ. ನಾಳೆ ಬೆಳಿಗ್ಗೆ ಮೊದಲ ಕಲ್ಲನ್ನು ನಾನೇ ಎಬ್ಬಿಸುತ್ತೇನೆ. ಮೇಲಿನವರು ವರ್ಗ ಮಾಡಿದರೆ ಮಾಡಲಿ, ಕೊನೆಯ ಹಲಗೆಗೆ ಮೊಳೆ ಹೊಡೆದೇ ಇಲ್ಲಿಂದ ಹೊರಡುತ್ತೇನೆ.

ಅಜ್ಜಿ ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ. ನಾನು ಆಡಿದ ಇಷ್ಟು ಮಾತಿನಲ್ಲಿ ಒಂದೂ ಅವರಿಗೆ ಕೇಳಿಲ್ಲ. ಪುಣ್ಯಕ್ಕೆ ಈ ಸಭಾಂಗಣದ ನೆಲ ಇನ್ನೂ ಮರದ್ದೇ. ಒಪ್ಪಿಗೆ ಇದ್ದವರು ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಅವರ ಯಜಮಾನರಿಗೆ ಹೇಳದೆ ಉಳಿದ ಆಮೆನ್ ಒಂದಿದೆ. ಎಲ್ಲರೂ ಪಾದ ಎತ್ತಿ.

ಅಗೋ, ಅಜ್ಜಿ ತಲೆ ಎತ್ತಿದರು.

ನಿಮ್ಮೆಲ್ಲರ ಕಾಲುಗಳಿಗೆ ನಾನು ಋಣಿ. ನಮಸ್ಕಾರ.