ಕೆಳಗಿನ ವೇಸ್ಟು

ಬಾ ಭಾಗ್ಯ, ಹೊಸ್ಲಲ್ಲೇ ಯಾಕೆ ನಿಂತೆ? ಬಕೆಟ್ ಎತ್ತಿ ತೋರಿಸೋದೇನೂ ಬೇಡ, ಗೊತ್ತಾಯ್ತು... ನಮ್ಮ ಬೇಸಿನ್ ನೀರು ಮತ್ತೆ ನಿಮ್ಮ ಬಾತ್‌ರೂಮಿಗೆ ಇಳೀತಾ ಇದೆ. ಮೊನ್ನೆ ಕಾಲು ಬಕೆಟ್ ಇತ್ತು, ಇವತ್ತು ಅರ್ಧ. ಇಡು ಅದನ್ನ ಆ ಕಡೆ. ಹದಿನಾಲ್ಕು ಮೆಟ್ಲು ಹೊತ್ಕೊಂಡು ಬಂದಿದೀಯ, ಕೈ ನೋಯಲ್ವಾ ನಿಂಗೆ?

ಸರಿ, ಮಾತಾಡ್ಬೇಡ. ನಾಲ್ಕು ತಿಂಗ್ಳಿಂದ ಮಾತು ಬಿಟ್ಟಿದೀಯ, ಇವತ್ತೇನು ಹೊಸ್ದಾ. ಇಬ್ಬರ ಮಾತೂ ನಾನೇ ಆಡ್ತೀನಿ, ನಂಗೇನು ಬಾಯಿ ನೋವಾ? ಅಣ್ಣನ ಹೆಂಡ್ತಿ ನಾನು ಮೇಲೆ, ತಮ್ಮನ ಹೆಂಡ್ತಿ ನೀನು ಕೆಳಗೆ... ಹನ್ನೊಂದು ವರ್ಷ ಜೋಗುಪಾಳ್ಯದ ಈ ಗಲ್ಲೀಲಿ ನಮ್ಮಿಬ್ರ ಬಾಯಿ ಕೇಳ್ದೇ ಇರೋ ಮನೆ ಇರ್ಲಿಲ್ಲ. ಈಗ ಎದುರುಮನೆ ಜಟ್ಟೆಮ್ಮ ಕೇಳ್ತಾಳೆ, 'ಯಾಕ್ರೀ ಗಂಗಮ್ನೋರೆ, ನಿಮ್ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?' ಅಂತ. ...ನಕ್ಕೆ ತಾನೆ? ನಕ್ಕೆ, ನೋಡ್ದೆ ನಾನು. ಮೂತಿ ಆ ಕಡೆ ತಿರುಗಿಸ್ಕೊಂಡ್ರೆ ಬೇಸಿನ್ ಮೇಲಿನ ಕನ್ನಡೀಲಿ ಕಾಣ್ಸಲ್ವಾ?

ಬಗ್ಗು, ತೋರಿಸ್ತೀನಿ. ಇಲ್ಲ, ಬಗ್ಗು ಅಂದೆ. ಇವತ್ತು ನಿಂಗೆ ಇದನ್ನ ತೋರಿಸ್ಲೇಬೇಕು. ಬೇಸಿನ್ ತಳದ ತೂತಿಂದ ಈ ಸ್ಟೀಲ್ ಕೊಳವೆ ಇಳಿದಿದೆ ನೋಡು, ಮೇಲ್ಗಡೆ ಜಾಲರಿ, ಕೆಳಗಡೆ ರಬ್ಬರ್ ವಾಷರ್ರು, ವಾಷರ್ ಒತ್ತಿ ಹಿಡಿಯಕ್ಕೆ ಈ ಬಿಳೀ ಪ್ಲಾಸ್ಟಿಕ್ ನಟ್ಟು. ಈ ಕೊಳವೆಗೆ ಏನಂತಾರೆ ಗೊತ್ತಾ? ವೇಸ್ಟು. ಹೂಂ ಕಣೇ, ವೇಸ್ಟು ಅಂತ್ಲೇ ಹೆಸ್ರು. ಶಿವಾಜಿನಗರದ ಅಂಗಡೀಗೆ ಹೋಗಿ ಬೇಸಿನ್ ವೇಸ್ಟ್ ಕೊಡಪ್ಪಾ ಅಂದ್ರೆ ಇದನ್ನೇ ಕೊಡೋದು.

ಈಗ ಹೇಳು, ಅವತ್ತು ನಾನು ಫೋನಲ್ಲಿ ಪ್ಲಂಬರ್ ಮುನಾವರ್‌ಗೆ ಏನಂದೆ? ಹೇಳಲ್ಲ, ಅಲ್ವಾ. ನಾನೇ ಹೇಳ್ತೀನಿ. 'ಕೆಳಗಿರೋ ವೇಸ್ಟು ಪೂರ್ತಿ ಹಾಳಾಗಿದೆ ಕಣಪ್ಪಾ. ಹನ್ನೊಂದು ವರ್ಷ ಹೆಂಗೋ ಸಹಿಸ್ಕೊಂಡೆ. ಬರೀ ಸೋರೋದೇ ಅದ್ರ ಕೆಲ್ಸ. ಮೊದ್ಲು ಅದನ್ನ ಕಿತ್ತು ಆಚೆ ಹಾಕು' ಅಂದೆ. ನೀನು ಮೆಟ್ಲ ಮೇಲಿದ್ದೆ, ಬಟ್ಟಲಲ್ಲಿ ಹುಳಿ ತರ್ತಿದ್ದೆ. ಹುಳಿ ಅಲ್ಲೇ ಇಟ್ಟು ಇಳಿದು ಹೋದೋಳು ಮತ್ತೆ ಮಾತಾಡ್ಲಿಲ್ಲ.

ನೀನು ಅಂದ್ಕೊಂಡೆ, ಕೆಳಗಿರೋ ವೇಸ್ಟು ಅಂದ್ರೆ ನೀನು ಅಂತ! ಅಯ್ಯೋ ನನ್ನ ಕರ್ಮವೇ. ಆ ವಾರಾನೇ ನೀನು ಟೈಲರಿಂಗ್ ಅಂಗಡಿ ಮುಚ್ಚಿ ದಿನಾ ಕಣ್ಣೀರು ಹಾಕ್ತಿದ್ದೆ, ನಾನು ಸೋರೋದೇ ಕೆಲ್ಸ ಅಂದೆ... ಕೇಳಿದ್ರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ. ಒಪ್ಕೋತೀನಿ. ಆದ್ರೆ ನಿನ್ನನ್ನ 'ಅದು' ಅಂತೀನಾ ನಾನು? ಅದು ಇದು ಅಂತಿದ್ದೋರು ನಮ್ಮತ್ತೆ. 'ದೊಡ್ಡದು ಎದ್ದೈತಾ, ಚಿಕ್ಕದು ಉಂಡೈತಾ' ಅಂತಿದ್ರಲ್ಲ, ಆಮೇಲೆ ಇಬ್ರೂ ಅಡುಗೆಮನೇಲಿ ಸೆರಗು ಬಾಯಿಗಿಟ್ಕೊಂಡು ನಗ್ತಿದ್ವಲ್ಲ. ಮರ್ತ್‌ಹೋಯ್ತಾ?

ನಂಗೆ ಇದೆಲ್ಲ ತಿಳಿದಿದ್ದು ನಿನ್ನೆ. ನಿನ್ನ ಗಂಡ ವಸಂತ ಬಾಯಿ ಬಿಟ್ಟ. ನಾಲ್ಕು ತಿಂಗ್ಳು ಏನು ತಪ್ಪು ಮಾಡ್ದೆ ಅಂತ ಯೋಚ್ನೆ ಮಾಡಿ ಮಾಡಿ ತಲೆ ಕೆಟ್ಟಿತ್ತು ನಂಗೆ. ಇನ್ನೊಂದೂ ಹೇಳ್ದ. ಭಾನುವಾರ ಲಿಂಗರಾಜಪುರದಲ್ಲಿ ಬಾಡಿಗೆ ಮನೆ ನೋಡಕ್ಕೆ ಹೋಗ್ತೀರಂತೆ. 'ಅತ್ಗೆ, ಈ ಸೋರೋ ಮನೇಲಿ ಇರಕ್ಕಾಗಲ್ಲ ಅಂತಾಳೆ ಭಾಗ್ಯ' ಅಂದ. ರಾತ್ರಿ ಊಟ ಸೇರ್ಲಿಲ್ಲ ನಂಗೆ. ನಿಮ್ಮ ಭಾವ ಎರಡು ಸಲ ಬಡಿಸ್ಕೊಂಡ್ರು, ನಾನು ತಟ್ಟೆ ಮುಂದೆ ಸುಮ್ನೆ ಕೂತಿದ್ದೆ.

ಅದಕ್ಕೇ ಹೇಳ್ತಿರೋದು, ಈ ಸೋರೋದೆಲ್ಲ ಆ ಮುನಾವರ್ ಅವತ್ತು ಹೊಸ ವೇಸ್ಟನ್ನ ಸರಿಯಾಗಿ ಹಾಕ್ದೇ ಇರೋದಕ್ಕೆ. ನಟ್ಟು ತಿರುಗೋ ಈ ಗೆರೆಗಳಿವೆಯಲ್ಲ, ಥ್ರೆಡ್ಡು, ಅದಕ್ಕೆ ಟೇಪ್ ಕಮ್ಮಿ ಸುತ್ತಿದಾನೆ. ನೀರು ಥ್ರೆಡ್ ಹಿಡ್ಕೊಂಡು ಹನಿಹನಿ ಇಳಿದು, ಪೈಪ್ ಪಕ್ಕದ ಸಂದಲ್ಲಿ ನೇರ ನಿಮ್ಮನೇಗೆ... ಯಾಕೆ ಹಂಗೆ ಹುಬ್ಬೇರಿಸ್ತೀಯ? ಹೌದು, ಅದೇ ದಿನ ನಿಮ್ಮನೇದೂ ಅವನೇ ಹಾಕಿದ್ದು. ನಿಮ್ದು ಸೋರಲ್ಲ, ನಿಜ. ಒಂದೊಂದು ಪೀಸು ಹಂಗೆ ಬರುತ್ತೆ. ಹಾಫ್ ಥ್ರೆಡ್ಡು, ಫುಲ್ ಥ್ರೆಡ್ಡು ಅಂತೆಲ್ಲ ಇರುತ್ತೆ ಅದ್ರಲ್ಲಿ, ನಿಂಗೆ ತಿಳಿಯಲ್ಲ ಬಿಡು. ವಾಷರ್ರೂ ಅಷ್ಟೆ, ಈಗಿನ ರಬ್ಬರ್ರು ನಾಲ್ಕು ದಿನಕ್ಕೇ...

ಅಲ್ಲೇನು ನೋಡ್ತಿದೀಯ? ನಟ್ಟು ಕಣೇ, ಬರೀ ನಟ್ಟು. ಮುಟ್ಬೇಡ, ಒದ್ದೆ ಇದೆ.

ಏನದು ನಿನ್ನ ಬೆರಳಲ್ಲಿ? ಹಳದಿ... ತುಕ್ಕಿರ್ಬೇಕು. ಪ್ಲಾಸ್ಟಿಕ್ ತುಕ್ಕು ಹಿಡಿಯಲ್ಲ, ಹೌದು... ಮೂಸಿ ನೋಡ್ಬೇಡ್ವೇ. ಅರಿಶಿನ. ಗೊತ್ತಾಯ್ತು, ಗೊತ್ತಾಯ್ತು, ನನ್ನ ಕೈ ಯಾಕೆ ಹಿಡಿದು ನೋಡ್ತೀಯ. ಬೆಳಿಗ್ಗೆ ಚಿತ್ರಾನ್ನ ಕಲಸ್ತಿದ್ದೆ.

ಏನಾದ್ರೂ ಅನ್ನು, ಭಾಗ್ಯ. ಬೈಯೋದಾದ್ರೂ ಬೈಯಿ. ಹಿಂಗೆ ಸುಮ್ನೆ ನೋಡ್ಬೇಡ.

...ಹೂಂ. ನಾನೇ ಸಡಿಲ ಮಾಡಿದ್ದು. ಇವತ್ತೊಂದೇ ದಿನ ಅಲ್ಲ, ಮೊದಲ್ನೇ ಸಲ ಬಿಟ್ರೆ ಆಮೇಲಿನ ಐದು ಸಲಾನೂ ನಾನೇ. ಮುನಾವರ್ ಪಾಪ ಚೆನ್ನಾಗೇ ಹಾಕಿದಾನೆ, ಅವನ ಮೇಲೆ ಹೇಳ್ದೆ, ತಪ್ಪು. ಏನು ಮಾಡ್ಲಿ ನಾನು? ನಿಮ್ಮ ಬಾಗ್ಲು ತಟ್ಟಿದ್ರೆ ತೆಗೀಲಿಲ್ಲ. ಫೋನ್ ಎತ್ತಲಿಲ್ಲ. ಮೊದಲ್ನೇ ಸಲ ನಿಜವಾಗ್ಲೂ ನಟ್ಟು ಜಾರಿ ನೀರು ಇಳೀತು, ನೀನು ಬಕೆಟ್ ಎತ್ಕೊಂಡು ಬಂದು ಎದುರಿಗೆ ನಿಂತೆ. ಮಾತಾಡ್ಲಿಲ್ಲ, ಆದ್ರೆ ಬಂದೆ. ಆವತ್ತಿಡೀ ದಿನ ಖುಷಿ ನಂಗೆ. ಅದಾದ್ಮೇಲೆ ನಿನ್ನ ಮುಖ ನೋಡ್ಬೇಕು ಅನ್ಸಿದಾಗೆಲ್ಲ ಅರ್ಧ ಸುತ್ತು... ಅದ್ರಿಂದ್ಲೇ ನೀನು ಮನೆ ಬಿಟ್ಟು ಹೋಗ್ತೀಯ ಅಂತ ನಿನ್ನೆವರ್ಗೂ ನಂಗೇನು ಕನಸಾ? ಇವತ್ತು ಸಡಿಲ ಮಾಡಿದ್ದು ನಿನ್ನ ಕರೆಸಿ ಈ ವೇಸ್ಟು ತೋರಿಸ್ಬೇಕು ಅಂತ. ನೀನಿಲ್ದೆ ಬೇಜಾರು ಕಣೇ. ಬಹಳ ಬೇಜಾರು.

ಬಿಗಿ ಮಾಡ್ತೀಯಾ? ಮಾಡು. ಕೈಯಲ್ಲೇ ತಿರುಗುತ್ತೆ, ಸ್ಪ್ಯಾನರ್ ಬೇಕಿಲ್ಲ. ನಾನು ನಲ್ಲಿ ಬಿಡ್ತೀನಿ... ನೋಡು, ಒಂದು ಹನಿ ಇಲ್ಲ. ಆಣೆ ಮಾಡ್ತೀನಿ, ಇನ್ನು ಅದನ್ನ ಮುಟ್ಟಲ್ಲ. ನಿಮ್ಮ ಬಾತ್‌ರೂಮ್ ಒಣಗಿರುತ್ತೆ, ನೀನೂ ಮೆಟ್ಲು ಹತ್ಬೇಕಾಗಿಲ್ಲ.

ಮತ್ತ್ಯಾಕೆ ಕೈ ಹಾಕ್ತಿದೀಯ? ಸಾಕು, ಬಿಗಿಯಾಯ್ತಲ್ಲ. ಜಾಸ್ತಿ ತಿರುಗಿಸಿದ್ರೆ ವಾಷರ್ ಹರಿದ್‌ಹೋಗುತ್ತೆ...

ಆ ಕಡೆ ತಿರುಗಿಸ್ತಿದೀಯಲ್ಲೇ. ಅದು ಬಿಚ್ಚೋ ಕಡೆ.

ಅರ್ಧ ಸುತ್ತು.

...ತಡಿ, ಕಣ್ಣೊರೆಸ್ಕೋತೀನಿ. ನಗ್ಬೇಡ, ಈಗ ಸೋರ್ತಿರೋದು ನಾನು. ಎಲ್ಲಿಗ್ ಹೋಗ್ತೀಯ, ಚಿತ್ರಾನ್ನ ತಿನ್ಕೊಂಡು ಹೋಗು. ಆ ಬಕೆಟ್ಟೂ ಮರೀಬೇಡ, ನಾಳೆ ಬರಕ್ಕೆ ಬೇಕು.